‘ನೈಸ್’ ಬಳಸುವುದು ಹೇಗೆ?

‘ಹರ್ ವಾಯ್ಸ್ ಸೌಂಡ್ಸ್ ನೈಸ್ಲಿ’ ಎಂದವರನ್ನೂ ‘ಶಿ ಸಿಂಗ್ಸ್ ನೈಸ್’ ಎಂದವರನ್ನೂ ಒಂದೇ ಸಂಜೆ ಕೇಳಿದ್ದೇನೆ. ಒಂದೇ ಹಳ್ಳಕ್ಕೆ ಎರಡು ದಡದಿಂದ ಬಿದ್ದವರು.

ಮೊದಲು, ಕನ್ನಡದ ‘ನೈಸ್’ ಬದಿಗಿಡಿ. ನೈಸಾಗಿ ರುಬ್ಬುವುದು, ನೈಸ್ ಮಾಡಿ ಕೆಲಸ ಸಾಧಿಸಿಕೊಳ್ಳುವುದು ನಮ್ಮ ಬಳಕೆಗಳು. ಇಂಗ್ಲಿಷಿಗೆ ಹೊತ್ತೊಯ್ಯಬೇಡಿ.

ಎರಡನೆಯದು, ಪದದ ಹುಟ್ಟು ತಿಳಿಯಿರಿ. ಲ್ಯಾಟಿನ್ನಿನ ‘ನೆಸ್ಕಿಯಸ್’ ಎಂದರೆ ಏನೂ ತಿಳಿಯದವನು. ಅದರೊಳಗಿನ ‘ಸ್ಕಿರೆ’, ಅಂದರೆ ತಿಳಿಯುವುದು, ‘ಸೈನ್ಸ್’ ಪದಕ್ಕೂ ಮೂಲ. ಹಳೆಯ ಫ್ರೆಂಚ್ ದಾಟಿ 1300ರ ಸುಮಾರಿಗೆ ಇಂಗ್ಲಿಷಿಗೆ ಬಂದಾಗ ‘ನೈಸ್’ ಎಂದರೆ ಪೆದ್ದ! ಮುಂದೆ ಅತಿ ನಾಜೂಕಿನವನಾಯಿತು, ಅತಿ ಸೂಕ್ಷ್ಮವಾದದ್ದಾಯಿತು. ‘ಹಿತವಾದ’ ಎಂಬ ಅರ್ಥ ಬೇರೂರಿದ್ದು 18ನೇ ಶತಮಾನದಲ್ಲಿ. ‘ಎ ನೈಸ್ ಡಿಸ್ಟಿಂಕ್ಷನ್’ ಎಂದು ಓದಿದರೆ ಇಂದಿಗೂ ಅದು ಕೂದಲೆಳೆಯಷ್ಟು ವ್ಯತ್ಯಾಸ, ಒಳ್ಳೆಯ ವ್ಯತ್ಯಾಸವಲ್ಲ. ‘ನೈಸ್: ಸುಂದರವಾದ’ ಎಂದಷ್ಟೇ ಬರೆದು ಕೈತೊಳೆದುಕೊಳ್ಳುವ ಜೇಬುನಿಘಂಟನ್ನು ಕೊಳ್ಳಲೇಬೇಡಿ.

ಮೂರನೆಯದೇ ಎಲ್ಲರೂ ಎಡವುವ ಜಾಗ. ತಪ್ಪು ನಮ್ಮ ‘ಚೆನ್ನಾಗಿ’ಯದು. ಹೂವಿನ ಪರಿಮಳ ಚೆನ್ನಾಗಿದೆ, ಅವಳು ಚೆನ್ನಾಗಿ ಹಾಡಿದಳು: ಕನ್ನಡಕ್ಕೆ ಎರಡಕ್ಕೂ ಒಂದೇ ಪದ ಸಾಕು. ಇಂಗ್ಲಿಷಿಗೆ ಸಾಲದು. ವಸ್ತು ಹೇಗಿದೆ ಎನ್ನುವಾಗ ‘ನೈಸ್’, ಕೆಲಸ ಹೇಗೆ ನಡೆಯಿತು ಎನ್ನುವಾಗ ‘ನೈಸ್ಲಿ’. ಅನುಮಾನ ಬಂದರೆ ಕ್ರಿಯಾಪದ ಕಿತ್ತು ‘ಈಸ್’ ಕೂರಿಸಿ ನೋಡಿ. ‘ದ ಫ್ಲವರ್ ಸ್ಮೆಲ್ಸ್ ನೈಸ್’ ಹೋಗಿ ‘ದ ಫ್ಲವರ್ ಈಸ್ ನೈಸ್’ ಆಯಿತು. ಮಾತು ಹೆಚ್ಚುಕಡಿಮೆ ಅದೇ, ಹಾಗಾಗಿ ‘ನೈಸ್’ ಸರಿ. ‘ಶಿ ಸಿಂಗ್ಸ್ ನೈಸ್’ ಎಂಬುದನ್ನು ‘ಶಿ ಈಸ್ ನೈಸ್’ ಮಾಡಿದರೆ ಹಾಡೇ ಮಾಯವಾಗಿ ಅವಳ ಸ್ವಭಾವದ ಮಾತಾಗುತ್ತದೆ. ಅಲ್ಲಿ ‘ನೈಸ್ಲಿ’ ಬೇಕು. ಲುಕ್, ಟೇಸ್ಟ್, ಫೀಲ್, ಸೌಂಡ್ ಬಂದಾಗಲೂ ಇದೇ ಪರೀಕ್ಷೆ. ಅಮೆರಿಕನ್ನರೇ ಮಕ್ಕಳಿಗೆ ‘ಪ್ಲೇ ನೈಸ್’ ಎನ್ನುತ್ತಾರಲ್ಲ ಎಂದು ವಾದಿಸಬೇಡಿ. ಅದು ಸಲಿಗೆಯ ಮಾತು, ಅರ್ಜಿಯಲ್ಲಿ ಬರೆಯುವಂಥದ್ದಲ್ಲ.

ಉಳಿದದ್ದು ಸುಲಭ. ‘ನೈಸ್ ಆಂಡ್ ವಾರ್ಮ್’ ಎರಡು ಗುಣಗಳಲ್ಲ, ಹಿತವಾಗಿ ಬೆಚ್ಚಗಿದೆ ಎಂದಷ್ಟೇ. ಬೇರೆ ವಿಶೇಷಣಗಳ ಜೊತೆ ಬಂದಾಗ ಇದು ಮುಂದೆ: ‘ಎ ನೈಸ್ ಓಲ್ಡ್ ಹೌಸ್’. ‘ನೈಸ್ ಟು ಮೀಟ್ ಯು’ ಮೊದಲ ಭೇಟಿಗೆ ಮಾತ್ರ. ಆಮೇಲೆ ‘ಮೀಟ್’ ಜಾಗಕ್ಕೆ ‘ಸೀ’.

ಒಂದು ಪತ್ರಕ್ಕೆ ಒಂದೇ ‘ನೈಸ್’ ಎಂಬುದು ನನ್ನ ಕಟ್ಟುನಿಟ್ಟು. ಫೋನಿನ ಕೀಲಿಮಣೆ ತಾನಾಗಿ ಸೂಚಿಸುವ ‘ನೈಸ್’ ಒತ್ತಿ ಮುಗಿಸುವ ಅಡ್ಡದಾರಿಯಂತೂ ಬೇಡ. ರಾತ್ರಿಯೆಲ್ಲ ಕೂತು ವರದಿ ಬರೆದವರಿಗೆ ಆ ಒಂಟಿ ಪದ ಆಕಳಿಕೆಯಂತೆ ಕೇಳಿಸುತ್ತದೆ.

ದನಿಯ ಮೇಲೂ ಕಿವಿಯಿರಲಿ. ನಿಮ್ಮ ಕೈಯಿಂದ ಲೋಟ ಜಾರಿ ಒಡೆದಾಗ ಯಾರಾದರೂ ‘ವೆರಿ ನೈಸ್’ ಎಂದರೆ, ‘ಥ್ಯಾಂಕ್ಸ್’ ಹೇಳಬೇಡಿ.