ಓಡುವ ಗಡಿಯಾರ ಅಂದರೆ ನನಗೆ ಭಯ

"ಓಡ್ತಾ ಇದೆ ಸಾರ್, ಒಳ್ಳೆ ಕಂಡೀಷನ್ನು" ಅಂತ ಯಾರಾದರೂ ಹಳೇ ಗಡಿಯಾರ ತಂದು ಮುಂದಿಟ್ಟರೆ ನನಗೆ ಒಳಗೊಳಗೇ ದಿಗಿಲಾಗುತ್ತದೆ. "ನಿಂತು ಮೂವತ್ತು ವರ್ಷ ಆಯ್ತು, ಅಟ್ಟದ ಮೇಲೆ ಬಿದ್ದಿತ್ತು" ಅಂದರೆ ಸಮಾಧಾನ. ಇದೇನು ತಲೆಕೆಳಗು ಮಾತು ಅನ್ನಿಸಬಹುದು. ಶುರುವಿನಲ್ಲಿ ನನಗೂ ಗೊತ್ತಿರಲಿಲ್ಲ. ಒಬ್ಬರು ಅಜ್ಜಿಯ ಗಡಿಯಾರ ಬಿಚ್ಚಿದ ಮೇಲೆ ಗೊತ್ತಾಯಿತು.

ನಾನು ಕೋಲಾರದವನು. ಕೆಜಿಎಫ್ ಕಡೆ ಒಂದು ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದೆ, ಅಂದರೆ ಲೇತ್ ಯಂತ್ರದಲ್ಲಿ ಲೋಹ ಕಡೆಯುವ ಕೆಲಸ. ರಿಟೈರ್ ಆದ ಮೇಲೆ ಮನೆ ಹಿಂದಿನ ಶೆಡ್ಡಿನಲ್ಲಿ ಒಂದು ಪುಟ್ಟ ಲೇತ್ ಹಾಕಿಕೊಂಡೆ. ಹಾಕಿಕೊಂಡಿದ್ದು ಬೇರೇನೋ ಮಾಡೋಣ ಅಂತ. ಗಡಿಯಾರ ಬಂದು ಕೂತುಬಿಟ್ಟವು.

ನಮ್ಮ ಕಡೆ ಇವು ಸಿಗುವುದಕ್ಕೆ ಕಾರಣ ಚಿನ್ನದ ಗಣಿ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿಗೆ ಕಾಲಿಟ್ಟಿತು. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿ ಕೆಲಸ ಬಲ್ಲವರು ಬಂದರು. ಬಂಗಲೆ ಎದ್ದವು, ಕ್ಲಬ್ಬು ಬಂತು, ಬಂಗಲೆಗಳಿಗೆ ಚಳಿ ಕಾಯಿಸುವ ಅಗ್ಗಿಷ್ಟಿಕೆಯೂ ಬಂತು. ಆ ಅಗ್ಗಿಷ್ಟಿಕೆಯ ಮೇಲಿನ ಹಲಗೆಗೇ ಮ್ಯಾಂಟಲ್ ಅನ್ನುವುದು. ಅಲ್ಲಿ ಇಡುವುದು ಮ್ಯಾಂಟಲ್ ಗಡಿಯಾರ. ಬ್ರ್ಯಾಕೆಟ್ ಗಡಿಯಾರ ಅದಕ್ಕಿಂತ ಹಳೇ ಜಾತಿ. ತಲೆ ಮೇಲೆ ಹಿಡಿ ಇರುತ್ತದೆ. ಮನೆಗೆ ಒಂದೇ ಗಡಿಯಾರ ಇದ್ದ ಕಾಲ, ಹಗಲು ಹಜಾರಕ್ಕೆ, ರಾತ್ರಿ ಮಲಗುವ ಕೋಣೆಗೆ ಎತ್ತಿಕೊಂಡು ಹೋಗುತ್ತಿದ್ದರು. ನಮ್ಮ ಜನ ಎರಡನ್ನೂ "ಟೇಬಲ್ ಗಡಿಯಾರ" ಅಂತಾರೆ. ಅಷ್ಟು ಸಾಕು ಕೂಡ.

1956ರಲ್ಲಿ ಗಣಿ ಸರ್ಕಾರದ ಕೈಗೆ ಬಂತು. ಊರಿಗೆ ಹೊರಟ ದೊರೆಗಳು ಗಡಿಯಾರವನ್ನು ಗುಮಾಸ್ತರಿಗೋ ಅಡುಗೆಯವರಿಗೋ ಕೊಟ್ಟು ಹೋದರು ಅನ್ನುವ ಕಥೆಯನ್ನು ನಾಲ್ಕಾರು ಮನೆಯಲ್ಲಿ ಕೇಳಿದ್ದೇನೆ. 2001ರ ಫೆಬ್ರವರಿ 28ಕ್ಕೆ ಗಣಿಯೇ ಮುಚ್ಚಿತು. ಮನೆ ಖಾಲಿ ಮಾಡಿದವರ ಸಾಮಾನು ರಾಬರ್ಟ್‌ಸನ್‌ಪೇಟೆ, ಬಂಗಾರಪೇಟೆಯ ಗುಜರಿಗಳಿಗೆ ಬಂತು.

ಅಜ್ಜಿಯ ಗಡಿಯಾರವೂ ಅಂಥದ್ದೇ. ಅವರ ಮಾವ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಗುಮಾಸ್ತರು. ಬೆನ್ನು ಬಾಗಿದ ಬೆಕ್ಕಿನ ಆಕಾರದ ಮರದ ಪೆಟ್ಟಿಗೆ. ಹಿಂದಿನ ಪ್ಲೇಟಿನ ಮೇಲೆ ಅಡ್ಡಡ್ಡ ಎರಡು ಬಾಣದ ಗುರುತು. ಹ್ಯಾಂಬರ್ಗ್ ಅಮೆರಿಕನ್ ಕಂಪನಿಯದು. ಹೆಸರಲ್ಲಿ ಹ್ಯಾಂಬರ್ಗೂ ಇದೆ, ಅಮೆರಿಕವೂ ಇದೆ, ಮಾಡಿದ್ದು ಮಾತ್ರ ಜರ್ಮನಿಯ ಶ್ರಾಂಬರ್ಗ್ ಅನ್ನುವ ಊರಲ್ಲಿ.

"ಇದು ಕೆಟ್ಟಿಲ್ಲ ಕಣಪ್ಪಾ," ಅಂದರು ಅಜ್ಜಿ. "ಕಾರ್ತೀಕ ಕಳೆದ ಮೇಲೆ ಬೆಳಗ್ಗೆ ಎದ್ದು ನೋಡಿದರೆ ನಿಂತಿರುತ್ತೆ. ಬಿಸಿಲೇರಿದ ಮೇಲೆ ಲೋಲಕ ತಳ್ಳಿದರೆ ಮತ್ತೆ ಹೊರಡುತ್ತೆ. ಶಿವರಾತ್ರಿ ಆಯ್ತು ಅಂದರೆ ಅದರ ತಂಟೆಯೇ ಇಲ್ಲ. ನಮ್ಮ ಮಾವನವರ ಕಾಲದಿಂದ ಹೀಗೇ."

ಚಳಿಗೆ ನಿಲ್ಲುವ ಗಡಿಯಾರ! ಲೋಹ ಕುಗ್ಗುತ್ತದೆ, ಹಿಗ್ಗುತ್ತದೆ ಅಂತೆಲ್ಲ ದೊಡ್ಡ ದೊಡ್ಡ ಲೆಕ್ಕ ಹಾಕಿದೆ. ಹಿಂದಿನ ಬಾಗಿಲು ತೆಗೆದೆ. ವಾಸನೆ ಬಂತು. ಹಳಸಿದ ಕೊಬ್ಬರಿ ಎಣ್ಣೆ.

"ತಿಂಗಳಿಗೊಂದು ಸಲ ಕೋಳಿ ಪುಕ್ಕದಲ್ಲಿ ಸವರುತ್ತೀನಿ. ನಮ್ಮತ್ತೆ ಹೇಳಿಕೊಟ್ಟಿದ್ದು," ಅಂದರು. ಹೆಮ್ಮೆಯಿಂದಲೇ ಅಂದರು.

ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಕೋಲಾರದ ಮಾಗಿ ರಾತ್ರಿಯಲ್ಲಿ ಬಚ್ಚಲುಮನೆಯ ಬಾಟಲಿ ನೋಡಿದವರಿಗೆ ಗೊತ್ತಲ್ವಾ? ಅದೇ ಗಟ್ಟಿ ಬಿಳಿ ಎಣ್ಣೆ ಗಡಿಯಾರದ ಹೊಟ್ಟೆಯಲ್ಲೂ ಕೂರುತ್ತಿತ್ತು. ಬಿಸಿಲಿಗೆ ಕರಗಿ ದಾರಿ ಬಿಡುತ್ತಿತ್ತು. ಇದಕ್ಕೆ ನಾನು ಒಂದು ವಾರ ತಲೆ ಕೆಡಿಸಿಕೊಂಡಿದ್ದೆ.

ಎಣ್ಣೆ ತೊಳೆದರೆ ಮುಗಿಯಿತು ಅಂದುಕೊಂಡೆ. ತೊಳೆದ ಮೇಲೆ ನಿಜ ಬಣ್ಣ ಕಾಣಿಸಿತು. ಗಡಿಯಾರದಲ್ಲಿ ಎರಡು ಹಿತ್ತಾಳೆ ಪ್ಲೇಟು, ನಡುವೆ ಚಕ್ರಗಳು. ಪ್ರತಿ ಚಕ್ರದ ಉಕ್ಕಿನ ಅಚ್ಚಿನ ತುದಿ ಪ್ಲೇಟಿನ ತೂತಿನಲ್ಲಿ ಕೂರುತ್ತದೆ. ಆ ತುದಿಗೆ ಪಿವಟ್ ಅಂತಾರೆ. ಎಣ್ಣೆಗೆ ಧೂಳು ಸೇರಿದರೆ ಅದು ಎಣ್ಣೆ ಅಲ್ಲ, ಅರೆಯುವ ಪೇಸ್ಟು. ಧೂಳು ಹೋಗಿ ಮೆತ್ತನೆ ಹಿತ್ತಾಳೆಯಲ್ಲಿ ಕಚ್ಚಿಕೊಳ್ಳುತ್ತದೆ, ಅಲ್ಲಿ ಕೂತು ಉಕ್ಕನ್ನೇ ಕೊರೆಯುತ್ತದೆ. ಕೀ ಕೊಟ್ಟಾಗ ಬಿಗಿಯಾಗುವ ಮೇನ್‌ಸ್ಪ್ರಿಂಗಿಗೆ ಇದ್ಯಾವುದೂ ಲೆಕ್ಕಕ್ಕಿಲ್ಲ. ಅದರ ಬಲ ಜಾಸ್ತಿ, ತಳ್ಳುತ್ತಲೇ ಇರುತ್ತದೆ. ಗಡಿಯಾರ ಟಿಕ್ ಟಿಕ್ ಅನ್ನುತ್ತಲೇ ಇರುತ್ತದೆ, ಮನೆಯವರು "ಓಡ್ತಾ ಇದೆ" ಅನ್ನುತ್ತಲೇ ಇರುತ್ತಾರೆ. ಅಜ್ಜಿಯ ಗಡಿಯಾರದಲ್ಲಿ ಏಳು ತೂತು ಮೊಟ್ಟೆಯ ಹಾಗೆ ಉದ್ದುದ್ದ ಆಗಿದ್ದವು. ಒಂದು ಪಿವಟ್ಟಿನ ನಡು ಇರುವೆಯ ಸೊಂಟದಷ್ಟು ಸವೆದಿತ್ತು.

ಅದೇ ತಿಂಗಳು ಇನ್ನೊಬ್ಬರು ಅಂಥದ್ದೇ ಒಂದು ಗಡಿಯಾರ ತಂದುಕೊಟ್ಟರು. ಯಾವ ಕಾಲದಲ್ಲೋ ಸ್ಪ್ರಿಂಗ್ ತುಂಡಾಗಿ ಬೀರು ಮೇಲೆ ಬಟ್ಟೆ ಸುತ್ತಿಸಿಕೊಂಡು ಕೂತಿದ್ದು. ಒಳಗೆ ನೋಡಿದರೆ ತೂತುಗಳು ದುಂಡಗೆ, ಪಿವಟ್ಟುಗಳು ಸೂಜಿಯ ಹಾಗೆ. ಹೊಸ ಸ್ಪ್ರಿಂಗ್ ಹಾಕಿದೆ, ತೊಳೆದೆ, ಕೊಟ್ಟೆ. ಎರಡೂ ಪ್ಲೇಟನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ನೋಡಿದ ದಿನದಿಂದಲೇ ನನಗೆ ಓಡುವ ಗಡಿಯಾರದ ಭಯ.

ಹಾಗಾಗಿ ಈಗ ಯಾವುದೇ ಗಡಿಯಾರ ಬಂದರೂ ಮೊದಲು ಕೀ ಕೊಡುವುದಿಲ್ಲ. ಹಿಂದಿನ ಬಾಗಿಲು ತೆಗೆದು ಟಾರ್ಚು ಹಾಕುತ್ತೇನೆ. ತೂತಿನ ಸುತ್ತ ಕಪ್ಪು ಉಂಗುರ ಇದೆಯಾ? ಚಕ್ರವನ್ನು ಬೆರಳಲ್ಲಿ ಹಿಂದೆ ಮುಂದೆ ಅಲ್ಲಾಡಿಸಿದರೆ ಪಿವಟ್ಟು ತೂತಿನೊಳಗೆ ನಡೆದಾಡುತ್ತದಾ? ಆಮೇಲೆ ನೋಡುವುದು ಹಿಂದೆ ರಿಪೇರಿ ಮಾಡಿದವರ ಕೈಚಳಕ. ಸವೆದ ತೂತಿನ ಸುತ್ತ ಪಂಚ್ ಇಟ್ಟು ಸುತ್ತಿಗೆಯಲ್ಲಿ ಹೊಡೆದು ಹಿತ್ತಾಳೆಯನ್ನು ಒಳಕ್ಕೆ ನೂಕಿರುತ್ತಾರೆ. ಪ್ಲೇಟಿಗೆ ಸಿಡುಬು ಬಂದ ಹಾಗೆ ಕಾಣುತ್ತದೆ. ಆರು ತಿಂಗಳು ಓಡಿಸಬಹುದು ಅಷ್ಟೆ. ಅದನ್ನು ಸರಿಮಾಡುವುದು ಸವೆತ ಸರಿಮಾಡುವುದಕ್ಕಿಂತ ಕಷ್ಟ. ಸೀಸದ ಬೆಸುಗೆ ಕಂಡರಂತೂ ಬೆಲೆ ಅರ್ಧ ಇಳಿಸಿ ಮಾತಾಡಿ.

ಪ್ಲೇಟಿನಲ್ಲಿ ಯಾವುದಕ್ಕೂ ಬಾರದ ಖಾಲಿ ತೂತುಗಳಿದ್ದರೂ ಅನುಮಾನ ಪಡಬೇಕು. ಒಂದರ ಹೊಟ್ಟೆಯನ್ನು ಇನ್ನೊಂದರ ಪೆಟ್ಟಿಗೆಗೆ ಇಟ್ಟಿರಬಹುದು. ಫ್ರೆಂಚ್ ಗಡಿಯಾರದಲ್ಲಿ ಒಂದು ಅನುಕೂಲ ಇದೆ. ಹಿಂದಿನ ಪ್ಲೇಟಿನ ಮೇಲೆ ನಂಬರ್ ಇರುತ್ತದೆ, ಲೋಲಕದ ಗುಂಡಿನ ಮೇಲೂ ಸಾಮಾನ್ಯವಾಗಿ ಅದೇ ನಂಬರ್. ಎರಡೂ ಬೇರೆ ಆಗಿದ್ದರೆ ಲೋಲಕ ಎಲ್ಲಿಂದಲೋ ಬಂದದ್ದು.

ಎಷ್ಟೋ ಜನ "ಒಂಬತ್ತಕ್ಕೆ ನಾಲ್ಕು ಹೊಡೆಯುತ್ತೆ, ಕೆಟ್ಟಿದೆ" ಅಂತ ತರುತ್ತಾರೆ. ಅದು ಕೆಟ್ಟಿರುವುದಿಲ್ಲ. ಹಳೇ ಫ್ರೆಂಚ್, ಅಮೆರಿಕನ್ ಗಡಿಯಾರಗಳಲ್ಲಿ ಗಂಟೆ ಎಣಿಸುವ ಚಕ್ರಕ್ಕೂ ಮುಳ್ಳಿಗೂ ಸಂಬಂಧವೇ ಇಲ್ಲ. ಮುಳ್ಳನ್ನು ಸುಮ್ನೆ ತಿರುಗಿಸಿದರೆ ಲೆಕ್ಕ ತಪ್ಪುತ್ತದೆ. ಗಂಟೆ ಹೊಡೆಯುವುದನ್ನು ತಡೆದಿಟ್ಟಿರುವ ತಂತಿ ಎತ್ತಿ ಹೊಡೆಸುತ್ತಾ ಬಂದರೆ ಒಂದು ಹಂತಕ್ಕೆ ಹೊಂದುತ್ತದೆ. ಎರಡು ನಿಮಿಷದ ಕೆಲಸ, ದುಡ್ಡು ತಗೊಳ್ಳೋಕೆ ನಾಚಿಕೆ.

ಇನ್ನು ನನ್ನ ತಪ್ಪುಗಳು. ಮೊದಲ ಗಡಿಯಾರ ಬಿಚ್ಚುವಾಗ ಸ್ಪ್ರಿಂಗಿನ ಬಿಗಿ ಇಳಿಸಲೇ ಇಲ್ಲ. ಇಳಿಸಬೇಕು ಅಂತ ಗೊತ್ತೂ ಇರಲಿಲ್ಲ. ಎರಡನೇ ನಟ್ಟು ಸಡಿಲ ಮಾಡಿದೆ ಅಷ್ಟೆ, ಬರ್ರ್ ಅಂತ ಸದ್ದು, ಪ್ಲೇಟು ಬಿಚ್ಚಿಕೊಂಡಿತು, ಎಡಗೈ ಹೆಬ್ಬೆರಳು ಸೀಳಿತು. ಒಂದು ಚಕ್ರದ ಆರು ಹಲ್ಲು ಮುರಿದವು. ಎಂಟು ದಿನ ಓಡಿಸುವ ಬಲ ಅರೆ ಕ್ಷಣದಲ್ಲಿ ಹೊರಬಂದರೆ ಇನ್ನೇನಾಗುತ್ತದೆ. ಈಗ ಕೀಲಿಯನ್ನು ಗಟ್ಟಿಯಾಗಿ ಹಿಡಿದು, ಹಿಂದಕ್ಕೆ ತಿರುಗದ ಹಾಗೆ ತಡೆಯುವ ಕ್ಲಿಕ್ ಅನ್ನುವ ನಾಲಿಗೆಯನ್ನು ಎತ್ತಿ, ಅರ್ಧರ್ಧ ಸುತ್ತು ಬಿಟ್ಟು ಬಿಟ್ಟು ಇಳಿಸುತ್ತೇನೆ. ಗಂಟೆ ಹೊಡೆಯುವ ಸ್ಪ್ರಿಂಗ್ ಬೇರೆ ಇರುತ್ತದೆ, ಅದನ್ನೂ ಇಳಿಸಬೇಕು. ಕಾಲು ಗಂಟೆಗೊಮ್ಮೆ ವೆಸ್ಟ್‌ಮಿನ್‌ಸ್ಟರ್ ರಾಗ ಹೊಡೆಯುವಂಥದ್ದಾದರೆ ಮೂರನೆಯದೂ ಇರುತ್ತದೆ.

ಎರಡನೇ ತಪ್ಪು ಟರ್ನರ್ ಅನ್ನುವ ಅಹಂಕಾರದ್ದು. ಸವೆದ ತೂತನ್ನು ದೊಡ್ಡದು ಮಾಡಿ ಬುಷ್ ಅನ್ನುವ ಪುಟ್ಟ ಹಿತ್ತಾಳೆ ಕೊಳವೆ ಹಾಕುವುದು ನನಗೇನು ಮಹಾ? ಡ್ರಿಲ್ಲಿಗೆ ಹಿಡಿದೆ, ಬುಷ್ ಕೂರಿಸಿದೆ, ಕನ್ನಡಿಯ ಹಾಗೆ ಬಂತು. ಜೋಡಿಸಿದರೆ ಚಕ್ರ ತಿರುಗುವುದೇ ಇಲ್ಲ. ಮೂರು ದಿನ ಬೇಕಾಯಿತು ಅರ್ಥ ಆಗುವುದಕ್ಕೆ. ತೂತು ಸವೆಯುವುದು ಒಂದೇ ಕಡೆಗೆ. ಸವೆದ ತೂತಿನ ನಡು ಹಳೇ ನಡು ಅಲ್ಲ, ಪಕ್ಕಕ್ಕೆ ಸರಿದಿರುತ್ತದೆ. ನಾನು ಆ ಸರಿದ ನಡುವನ್ನೇ ಹಿಡಿದು ಕೊರೆದಿದ್ದೆ. ಸವೆಯದ ಎದುರು ಬದಿಯನ್ನು ಅಷ್ಟೇ ಅಳತೆಗೆ ಅರದಿಂದ ಉಜ್ಜಿ ಮೊದಲು ನಡುವನ್ನು ವಾಪಸ್ ತರಬೇಕು, ಆಮೇಲೆ ದೊಡ್ಡದು ಮಾಡಬೇಕು. ಅಜ್ಜಿಯ ಏಳು ತೂತಿಗೂ ಹಾಗೇ ಮಾಡಿದೆ, ದಿನಕ್ಕೊಂದು.

ತೊಳೆಯುವುದಕ್ಕೆ ಅಮೋನಿಯ ಬೆರೆಸಿದ ನೀರು ಬಳಸುತ್ತೇನೆ, ಸ್ವಲ್ಪ ಹೊತ್ತು ಮಾತ್ರ. ರಾತ್ರಿಯಿಡೀ ನೆನೆಸಿಟ್ಟರೆ ಬಿಗಿಯಲ್ಲಿರುವ ಹಿತ್ತಾಳೆ ಬಿರುಕು ಬಿಡುತ್ತದೆ. ಈ ರೋಗ ಮೊದಲು ಹೆಸರು ಮಾಡಿದ್ದು ನಮ್ಮ ದೇಶದಲ್ಲೇ. ಬ್ರಿಟಿಷ್ ಸೈನ್ಯದವರು ಮಳೆಗಾಲದಲ್ಲಿ ಹಿತ್ತಾಳೆ ತೋಟಾಗಳನ್ನು ಕುದುರೆ ಲಾಯದಲ್ಲಿ ಇಡುತ್ತಿದ್ದರು, ತೆಗೆದು ನೋಡಿದರೆ ಬಿರುಕು. ಕುದುರೆ ಗಂಜಲದ ಅಮೋನಿಯವೇ ಕಾರಣ ಅಂತ ವಿವರಣೆ ಸಿಕ್ಕಿದ್ದು 1921ರಲ್ಲಿ. ತೊಳೆದ ಮೇಲೆ ಪ್ರತಿ ತೂತಿಗೂ ಕಡ್ಡಿ ಹಾಕಿ ತಿರುವಬೇಕು. ಅದಕ್ಕೆ ವಿಶೇಷ ಕಡ್ಡಿಗಳು ಬರುತ್ತವೆ. ನನಗೆ ಉರಿದುಳಿದ ಊದುಬತ್ತಿಯ ಬಿದಿರು ಕಡ್ಡಿಯೇ ಸಾಕು. ತುದಿ ಚೂಪು ಮಾಡಿ ತಿರುವಿದರೆ ಕಪ್ಪಾಗಿ ಬರುತ್ತದೆ. ಬೆಳ್ಳಗೆ ಬರುವ ತನಕ ಹೊಸ ಹೊಸ ಕಡ್ಡಿ. ಆಮೇಲೆ ಗಡಿಯಾರದ ಎಣ್ಣೆ, ತೂತಿಗೊಂದು ಸೂಜಿಮೊನೆಯಷ್ಟು. ಚಕ್ರದ ಹಲ್ಲಿಗೆ ಎಣ್ಣೆ ಹಾಕಲೇಬಾರದು.

ಡಯಲ್ ವಿಷಯದಲ್ಲಿ ಒಂದು ಸಂಕಟ ಹೇಳಬೇಕು. ನಿಜವಾದ ಇಂಗ್ಲಿಷ್ ಬ್ರ್ಯಾಕೆಟ್ ಗಡಿಯಾರ ಇಷ್ಟು ವರ್ಷದಲ್ಲಿ ನನ್ನ ಕೈಗೆ ಬಂದದ್ದು ಒಂದೇ. ಒಳಗೆ ಫ್ಯೂಸಿ. ಅಂದರೆ ಬುಗುರಿಯ ಆಕಾರದ ಒಂದು ಹಿತ್ತಾಳೆ ತುಂಡು, ಮೈತುಂಬ ಸುರುಳಿ ಸುರುಳಿ ತೋಡು, ಅದಕ್ಕೆ ಬುಗುರಿಗೆ ಚಾಟಿ ಸುತ್ತಿದ ಹಾಗೆ ಸಣ್ಣ ಸರಪಳಿ. ಸ್ಪ್ರಿಂಗ್ ಬಿಗಿಯಾಗಿದ್ದಾಗ ಸಪೂರ ತುದಿಯಿಂದ ಎಳೆಯುತ್ತದೆ, ಬಲ ಇಳಿದ ಹಾಗೆ ದಪ್ಪ ಬುಡದಿಂದ ಎಳೆಯುತ್ತದೆ. ಹೀಗಾಗಿ ಮೊದಲ ದಿನವೂ ಕೊನೆ ದಿನವೂ ಚಕ್ರಕ್ಕೆ ಸಿಗುವ ಎಳೆತ ಒಂದೇ. ಅರ್ಧ ದಿನ ಅದನ್ನೇ ನೋಡುತ್ತಾ ಕೂತಿದ್ದೆ, ಊಟಕ್ಕೆ ಕರೆದರೂ ಏಳಲಿಲ್ಲ. ಆದರೆ ಡಯಲ್? ಹಿತ್ತಾಳೆಯ ಮೇಲೆ ತೆಳ್ಳಗೆ ಬೆಳ್ಳಿ ಹತ್ತಿಸಿದ ಡಯಲ್ ಅದು. ಕಪ್ಪಾಗಿದೆ ಅಂತ ಮನೆಯವರು ಆಯುಧಪೂಜೆಗೆ ಹುಣಸೆಹಣ್ಣು ಹಾಕಿ ತಿಕ್ಕಿಬಿಟ್ಟಿದ್ದರು. ಬೆಳ್ಳಿ ಪೂರ್ತಿ ಹೋಗಿ ಹರಿವಾಣದ ಹಾಗೆ ಹಳದಿ ಹೊಳೀತಿತ್ತು. ಅಂಕಿಗಳ ಕಪ್ಪು ಮೇಣವೂ ಅರ್ಧಂಬರ್ಧ. ಬೆಳ್ಳಿ ಮತ್ತೆ ಹತ್ತಿಸಬಹುದು, ಆ ಹಳೇ ಮುಖ ಬರುವುದಿಲ್ಲ. ಡಯಲ್ ಕಪ್ಪಗಿದ್ದರೆ ಕಪ್ಪಗೇ ಇರಲಿ, ದಯವಿಟ್ಟು ಮುಟ್ಟಬೇಡಿ.

ಪೆಟ್ಟಿಗೆಗೂ ಅಷ್ಟೇ. ಹಳೇ ಪಾಲಿಷ್ ಅರಗಿನದು. ಕಾಣದ ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿ ಒತ್ತಿದರೆ ಅಂಟಂಟಾಗುತ್ತದೆ. ಆಗದಿದ್ದರೆ ಯಾರೋ ಮೇಲೆ ಈಗಿನ ಪಿಯು (ಪಾಲಿಯುರೆಥೇನ್) ಪಾಲಿಷ್ ಬಳಿದಿದ್ದಾರೆ ಅಂತ ನನ್ನ ಲೆಕ್ಕ. ಕುಟ್ಟೆ ಹಿಡಿದಿದ್ದರೆ ಕೆಳಗೆ ಹಿಟ್ಟು ಉದುರಿರುತ್ತದೆ. ಇನ್ನು "ಕರೀ ಕಲ್ಲಿನ ಗಡಿಯಾರ" ಅಂತ ಮಾರುವವರು ಸಿಕ್ಕರೆ ಎತ್ತಿ ನೋಡಿ. ಕಲ್ಲಾದರೆ ಕೈ ಸೋಲುತ್ತದೆ. ಸೇತ್ ಥಾಮಸ್ ಕಂಪನಿಯವರು ಮರದ ಮೇಲೆ ಅಮೃತಶಿಲೆಯ ಹಾಗೆ ಕಾಣುವ ಸೆಲ್ಯುಲಾಯ್ಡ್ ಹಾಳೆ ಅಂಟಿಸುತ್ತಿದ್ದರು. ಮೋಸ ಅಲ್ಲ ಅದು, ಅದರದೇ ಅಂದ ಇದೆ. ಕಲ್ಲಿನ ಬೆಲೆ ಮಾತ್ರ ಕೊಡಬೇಡಿ.

ಅಜ್ಜಿಯ ಗಡಿಯಾರಕ್ಕೆ ಎರಡು ತಿಂಗಳು ಹಿಡಿಯಿತು. ಕೊಡೋಕೆ ಹೋದ ದಿನ ಗೂಡಿನ ಮೇಲಿಟ್ಟು, ಒಂದು ಪಕ್ಕಕ್ಕೆ ಮಡಚಿದ ಕಾಗದ ಕೊಟ್ಟು, ಟಿಕ್ಕಿಗೂ ಟಾಕಿಗೂ ಸಮ ಅಂತರ ಬರುವ ತನಕ ಕಿವಿಯಿಟ್ಟು ಸರಿಮಾಡಿದೆ. ಅಜ್ಜಿ ಕೇಳಿಸಿಕೊಂಡು ಕೂತಿದ್ದರು. ಆಮೇಲೆ ಅವರೇ ಹೇಳಿದರು. ಚಾಂಪಿಯನ್‌ನಲ್ಲಿದ್ದಾಗ ನೆಲದಡಿ ಬಂಡೆ ಸಿಡಿದರೆ ಮನೆ ಅದುರುತ್ತಿತ್ತಂತೆ, ಇದು ನಿಂತುಬಿಡುತ್ತಿತ್ತಂತೆ. ಗಂಡಸರು ಶಿಫ್ಟಿನಲ್ಲಿದ್ದರೆ ಅವರು ಮನೆಗೆ ಬರುವ ತನಕ ಯಾರೂ ಲೋಲಕ ಮುಟ್ಟುತ್ತಿರಲಿಲ್ಲ.

ಪುಷ್ಯ ಮಾಸದಲ್ಲಿ ಒಮ್ಮೆ ಬೆಳಗ್ಗೆಯೇ ಆ ಕಡೆ ಹೋಗಿದ್ದೆ. ಮೈ ನಡುಗುವ ಚಳಿ. ಗಡಿಯಾರ ಓಡುತ್ತಿತ್ತು. ಅದರ ಪಕ್ಕದಲ್ಲೇ ಕೊಬ್ಬರಿ ಎಣ್ಣೆ ಬಾಟಲಿ.

"ಅದು ನನ್ನ ತಲೆಗೆ ಕಣಪ್ಪಾ," ಅಂದರು ಅಜ್ಜಿ, ನಾನು ಕೇಳುವ ಮೊದಲೇ.

ಕಾಫಿ ತರೋಕೆ ಅವರು ಒಳಗೆ ಹೋದರು. ನಾನು ಮೆಲ್ಲಗೆ ಹಿಂದಿನ ಬಾಗಿಲು ತೆಗೆದು ಮೂಸಿ ನೋಡಿದೆ.