ಲಂಡನ್ ಚಾರಿಟಿ ಅಂಗಡೀಲಿ ಒಳ್ಳೆ ಉಣ್ಣೆ ಬಟ್ಟೆ ಆರಿಸೋದು ಹೇಗೆ

ಲಂಡನ್ನಿಗೆ ಹೊಸದಾಗಿ ಬಂದೋರು ಚಳಿ ಶುರುವಾದ ತಕ್ಷಣ ಗಾಬರಿಯಾಗಿ ಕಂಡ ಅಂಗಡಿಗೆ ನುಗ್ಗಿ ಪಾಲಿಯೆಸ್ಟರ್ ಕೋಟು ತಗೊಂಡ್ಬಿಡ್ತಾರೆ, ದಯವಿಟ್ಟು ಹಂಗೆ ಮಾಡ್ಬೇಡಿ, ಒಂದಿನ ಬಿಡುವು ಮಾಡ್ಕೊಂಡು ಚೆಲ್ಸಿ, ಕೆನ್ಸಿಂಗ್ಟನ್ ಕಡೆ ಚಾರಿಟಿ ಅಂಗಡಿ, ಅಂದ್ರೆ ಜನ ದಾನ ಕೊಟ್ಟ ಬಳಸಿದ ಬಟ್ಟೆ ಮಾರೋ ಅಂಗಡಿ, ಸುತ್ತಿ ಬನ್ನಿ. ಅಲ್ಲಿಗೆ ಬರೋ ಬಟ್ಟೆ ಹೆಚ್ಚಾಗಿ ಆಸುಪಾಸಿನ ಮನೆಯೋರು ಕೊಟ್ಟಿದ್ದು, ಅದಕ್ಕೇ ಉಳ್ಳವರ ಏರಿಯಾದಲ್ಲಿ ಕ್ಯಾಶ್ಮೀರ್ (ಮೇಕೆಯ ನವಿರು ಉಣ್ಣೆ) ಸ್ವೆಟರು, ರೇಷ್ಮೆ ಷರ್ಟು ಎಲ್ಲ ಸಿಗುತ್ತೆ. ಚೆಲ್ಸಿಯ ಓಲ್ಡ್ ಚರ್ಚ್ ಸ್ಟ್ರೀಟಲ್ಲಿರೋ ಬ್ರಿಟಿಷ್ ರೆಡ್ ಕ್ರಾಸ್ ಅಂಗಡಿ ಡಿಸೈನರ್ ಬಟ್ಟೆಗೇ ಹೆಸರುವಾಸಿ. ರೇಟು ಸ್ವಲ್ಪ ಜಾಸ್ತೀನೇ ಇರುತ್ತೆ, ಆದ್ರೆ ಚೌಕಾಸಿ ಮಾಡ್ಬೇಡಿ, ಆ ದುಡ್ಡು ಒಳ್ಳೆ ಕೆಲಸಕ್ಕೆ ಹೋಗುತ್ತೆ. ವಾರದ ದಿನ ಬೆಳಿಗ್ಗೆ ಹೋದ್ರೆ ನಿಧಾನಕ್ಕೆ ನೋಡ್ಬಹುದು.

ಬ್ರ್ಯಾಂಡ್ ಆಮೇಲೆ ನೋಡಿ, ಮೊದಲು ಬಟ್ಟೆ ಮುಟ್ಟಿ. ಆಮೇಲೆ ಪಕ್ಕದ ಹೊಲಿಗೇಲಿರೋ ಚೀಟಿ ಓದಿ, ಉಣ್ಣೆ ಎಷ್ಟು, ಅಕ್ರಿಲಿಕ್ ಅನ್ನೋ ಕೃತಕ ನೂಲು ಎಷ್ಟು ಅಂತ ಅದ್ರಲ್ಲೇ ಇರುತ್ತೆ. ಕೋಟಿನ ಒಳಗಡೆ ಗೋಳದ ಮೇಲೆ ಶಿಲುಬೆ ಇರೋ ಲೇಬಲ್ ಕಂಡ್ರೆ ಅದು ಹ್ಯಾರಿಸ್ ಟ್ವೀಡ್ ಅನ್ನೋ ಉಣ್ಣೆ ಬಟ್ಟೆ, ಸ್ಕಾಟ್ಲೆಂಡಿನ ಔಟರ್ ಹೆಬ್ರಿಡೀಸ್ ದ್ವೀಪಗಳ ನೇಕಾರರು ತಮ್ಮ ಮನೇಲೇ ಕೈಮಗ್ಗದಲ್ಲಿ ನೇಯ್ದಿದ್ದು, 1993ರಲ್ಲಿ ಇದಕ್ಕೆ ಅಂತಾನೇ ಕಾಯ್ದೆ ಬಂತು. ನಂದೊಂದಿದೆ, ಮೊಣಕೈ ಹತ್ರ ಸವೆದಿತ್ತು, ಚರ್ಮದ ತೇಪೆ ಹಾಕಿಸ್ದೆ, ಈಗಲೂ ಗಟ್ಟಿಮುಟ್ಟಾಗಿದೆ, ಮೈಮೇಲೆ ಬಿದ್ರೆ ಕಂಬಳಿ ಹೊದ್ದಂಗೆ ಬೆಚ್ಚಗೆ.

ಸ್ವೆಟರ್ ಆದ್ರೆ ಕಿಟಕಿ ಹತ್ರ ಹೋಗಿ ಬೆಳಕಿಗೆ ಹಿಡೀರಿ, ನುಸಿ ತಿಂದ ತೂತು ಆಗ್ಲೇ ಕಾಣೋದು, ನಾನು ಒಂದ್ಸಲ ಹಂಗೆ ನೋಡದೇನೇ ತಂದು ಮನೇಲಿ ಏಳು ತೂತು ಎಣಿಸಿದ್ದೀನಿ. ಕಂಕುಳು, ಕಾಲರ್, ಒಳಗಿನ ಲೈನಿಂಗ್ ನೋಡಿ, ಜಿಪ್ಪು ಎರಡು ಸಲ ಎಳೀರಿ. ಗುಂಡಿ ಹೋಗಿದ್ರೆ ಚಿಂತೆಯಿಲ್ಲ, ಕಂಕುಳ ಕೆಳಗೆ ಬೆವರಿನ ಕಲೆ ಹಳದಿಗಟ್ಟಿದ್ರೆ ಬಿಟ್ಬಿಡಿ, ಅದು ಹೋಗಲ್ಲ.

ಸೈಜ್ ನಂಬರ್ ನಂಬ್ಬೇಡಿ, ಹಳೆ ಬಟ್ಟೆಯ 14 ಈಗಿನ 12ರಷ್ಟೂ ಇರಲ್ಲ ಎಷ್ಟೋ ಸಲ. ನಿಮಗೆ ಚೆನ್ನಾಗಿ ಕೂರೋ ಕೋಟಿನ ಭುಜ, ಎದೆ, ತೋಳಿನ ಅಳತೆ ಫೋನಲ್ಲಿ ಬರ್ಕೊಂಡು ಜೇಬಲ್ಲಿ ಟೇಪ್ ಇಟ್ಕೊಂಡು ಹೋಗಿ, ಭುಜ ಸರಿ ಇಲ್ದಿದ್ರೆ ತಗೋಬೇಡಿ, ಉದ್ದ ಕಮ್ಮಿ ಮಾಡೋದು ಸುಲಭ ಭುಜ ಬಿಚ್ಚಿ ಹೊಲಿಯೋದು ದುಬಾರಿ.

ಮನೆಗೆ ತಂದ ಉಣ್ಣೆ ಬಟ್ಟೆನ ಬೀರುವಿಗೆ ಇಡೋಕೆ ಮುಂಚೆ ಕವರಲ್ಲಿ ಬಿಗಿಯಾಗಿ ಕಟ್ಟಿ ಎರಡು ವಾರ ಫ್ರೀಜರಲ್ಲಿಡಿ, ನುಸಿ ಮೊಟ್ಟೆ ಇದ್ರೂ ಸಾಯುತ್ತೆ. ಮುಂದೆ ನೀವೇ ಬಟ್ಟೆ ಕೊಡೋಕೆ ಹೋದಾಗ, ಇಲ್ಲಿ ಟ್ಯಾಕ್ಸ್ ಕಟ್ತಿದ್ರೆ ಗಿಫ್ಟ್ ಏಡ್ ಫಾರ್ಮ್ ತುಂಬಿ, ನಿಮ್ಮ ಬಟ್ಟೆ ಮಾರಿ ಬಂದ ಒಂದೊಂದು ಪೌಂಡಿಗೂ ಸರ್ಕಾರದಿಂದ ಆ ಚಾರಿಟಿಗೆ 25 ಪೆನ್ಸ್ ಸೇರುತ್ತೆ.