ಐನೂರು ಚದರಡಿಯ ವಿನಾಯಿತಿ: ಮುಂಬಯಿಗೆ ಬಂದ ಕನ್ನಡಿಗರಿಗೆ ಪಾಲಿಕೆಯ ತೆರಿಗೆಯ ಲೆಕ್ಕ

ಊರಿನಲ್ಲಿ ಗ್ರಾಮ ಪಂಚಾಯಿತಿಗೆ ಮನೆ ಕಂದಾಯ ಕಟ್ಟಿಯೋ, ಬೆಂಗಳೂರಿನಲ್ಲಿ ತಾವೇ ಲೆಕ್ಕ ಹಾಕಿ ಆಸ್ತಿ ತೆರಿಗೆ ಕಟ್ಟಿಯೋ ರೂಢಿಯಿರುವವರಿಗೆ ಮುಂಬಯಿಯ ಪದ್ಧತಿ ಮೊದಲಿಗೆ ಅರ್ಥವಾಗುವುದಿಲ್ಲ. ಇಲ್ಲಿ ಹಲವು ಕಡೆ ಮಹಾನಗರ ಪಾಲಿಕೆಯ ಬಿಲ್ಲು ಹೌಸಿಂಗ್ ಸೊಸೈಟಿಯ ಹೆಸರಿಗೆ ಬರುತ್ತದೆ. ಸೊಸೈಟಿ ಅದನ್ನು ಸದಸ್ಯರಿಗೆ ಹಂಚಿ ಮೆಂಟೆನೆನ್ಸ್ ಬಿಲ್ಲಿನಲ್ಲಿ ಸೇರಿಸುತ್ತದೆ. ಹೀಗಾಗಿ ವರ್ಷಗಟ್ಟಲೆ ತೆರಿಗೆ ಕೊಟ್ಟವರಿಗೂ ತಾವು ಎಷ್ಟು ಕೊಟ್ಟೆವು, ಯಾವುದಕ್ಕೆ ಕೊಟ್ಟೆವು ಎಂಬುದು ತಿಳಿದಿರುವುದಿಲ್ಲ. ಇದು ತಿಳಿಯದಿದ್ದರೆ, ಸರಕಾರ ತೆರಿಗೆಯಲ್ಲಿ ಸ್ವಲ್ಪ ರಿಯಾಯಿತಿ ಘೋಷಿಸಿದಾಗ ಅದರಿಂದ ನಮಗೆ ನಿಜವಾಗಿ ಲಾಭವಾಯಿತೇ ಎಂಬುದೂ ತಿಳಿಯುವುದಿಲ್ಲ.

ನಮ್ಮ ಸೊಸೈಟಿಯ ಕಾರ್ಯದರ್ಶಿಯವರು ಮುಲ್ಕಿ ಕಡೆಯವರು. ಒಂದು ಭಾನುವಾರ ಅವರು ಕಚೇರಿಯ ಮೇಜಿನ ಮೇಲೆ ಬಿಲ್ಲು ಬಿಡಿಸಿಟ್ಟು ಸಾಲು ಸಾಲಾಗಿ ಬೆರಳಿಟ್ಟು ತೋರಿಸಿದರು. ಮೇಲೆ ಮರಾಠಿಯಲ್ಲಿ 'ಮಾಲಮತ್ತಾ ಕರ' ಎಂದಿತ್ತು. ಕೆಳಗೆ ಸರ್ವಸಾಧಾರಣ ಕರ, ಜಲ ಕರ, ಜಲಲಾಭ ಕರ, ಮಲನಿಃಸಾರಣ ಕರ, ಪಾಲಿಕೆಯ ಶಿಕ್ಷಣ ಉಪಕರ, ರಾಜ್ಯದ ಶಿಕ್ಷಣ ಉಪಕರ, ವೃಕ್ಷ ಉಪಕರ, ಪಥ ಕರ. ನೀರು, ಚರಂಡಿ, ಶಾಲೆ, ಮರ, ರಸ್ತೆ ಎಲ್ಲವೂ ಒಂದೇ ಹಾಳೆಯಲ್ಲಿದ್ದವು. ತೆರಿಗೆ ಎಂಬ ಒಂದು ಮೊತ್ತದ ಹಿಂದೆ ಇಷ್ಟು ಕೆಲಸಗಳಿವೆ ಎಂದು ನನಗೆ ಮನವರಿಕೆಯಾದದ್ದು ಆ ದಿನ. ಹೊಸದಾಗಿ ಬಂದವರು ಸೊಸೈಟಿಯಿಂದ ಈ ಹಾಳೆಯ ಪ್ರತಿಯೊಂದನ್ನು ತಪ್ಪದೆ ಕೇಳಿ ಪಡೆಯಬೇಕು.

ವಿಧಾನವನ್ನು ಸಂಕ್ಷೇಪವಾಗಿ ಹೇಳುವುದಾದರೆ, ಮುಂಬಯಿಯಲ್ಲಿ 2010ರಿಂದ ಮನೆಯ ಬಂಡವಾಳ ಮೌಲ್ಯದ ಮೇಲೆ, ಅಂದರೆ ಸರಕಾರಿ ದರದಂತೆ ಮನೆಗೆ ಆಗುವ ಬೆಲೆಯ ಮೇಲೆ, ತೆರಿಗೆ ನಿಗದಿಯಾಗುತ್ತದೆ. ಬಿಲ್ಲು ಆರಾರು ತಿಂಗಳಿಗೆ ಲೆಕ್ಕವಾಗುತ್ತದೆ. ಗಡುವು ಮೀರಿದರೆ ತಿಂಗಳಿಗೆ ಶೇಕಡಾ 2ರಂತೆ ದಂಡ ಬೀಳುತ್ತದೆ.

ಈಗ ರಿಯಾಯಿತಿಯ ವಿಷಯ. 2022ರ ಜನವರಿ 1ರಿಂದ ಮುಂಬಯಿ ಪಾಲಿಕೆಯ ವ್ಯಾಪ್ತಿಯಲ್ಲಿ 500 ಚದರಡಿ, ಅಂದರೆ 46.45 ಚದರ ಮೀಟರ್‌ವರೆಗಿನ ವಾಸದ ಮನೆಗಳಿಗೆ ಆಸ್ತಿ ತೆರಿಗೆ ಪೂರ್ತಿ ಮನ್ನಾ ಆಗಿದೆ. ಸುಮಾರು 16 ಲಕ್ಷ ಕುಟುಂಬಗಳಿಗೆ ಇದರ ಪ್ರಯೋಜನ ಸಿಗುತ್ತದೆಂದೂ, ಪಾಲಿಕೆ ಮತ್ತು ರಾಜ್ಯ ಸೇರಿ ವರ್ಷಕ್ಕೆ ಸುಮಾರು 460 ಕೋಟಿ ರೂಪಾಯಿ ಬಿಟ್ಟುಕೊಡಬೇಕಾಗುತ್ತದೆಂದೂ ಆಗಿನ ಅಂದಾಜು. ಭಾಗಿಸಿ ನೋಡಿದರೆ ಒಂದು ಮನೆಗೆ ಸರಾಸರಿ ವರ್ಷಕ್ಕೆ 2,900 ರೂಪಾಯಿಗಿಂತ ತುಸು ಕಡಿಮೆ, ತಿಂಗಳಿಗೆ ಸುಮಾರು 240 ರೂಪಾಯಿ. "ಇನ್ನೂರ ನಲವತ್ತಾದರೂ ಉಳಿಯಿತಲ್ಲ ಮಾರಾಯ್ರೆ, ಯಾರು ಕೊಡ್ತಾರೆ?" ಎಂದರು ಕಾರ್ಯದರ್ಶಿಯವರು. ಅವರ ಮಾತು ಸುಳ್ಳಲ್ಲ. ತಿಂಗಳ ಕೊನೆಯಲ್ಲಿ ಗ್ಯಾಸ್ ಸಿಲಿಂಡರಿಗೆ ಹಣ ಹೊಂದಿಸುವ ಮನೆಯಲ್ಲಿ 240 ರೂಪಾಯಿಗೂ ಬೆಲೆಯಿದೆ.

ಆದರೆ ಅದೇ ಮನೆಯಿಂದ ಒಬ್ಬರು ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಾರೆ ಎಂದಿಟ್ಟುಕೊಳ್ಳೋಣ. 1947ರಿಂದ ಪಾಲಿಕೆಯ ಅಧೀನದಲ್ಲಿರುವ ಬೆಸ್ಟ್ ಸಂಸ್ಥೆ 2019ರ ಜುಲೈಯಲ್ಲಿ ಸಾಮಾನ್ಯ ಬಸ್ಸಿನ ಕನಿಷ್ಠ ದರವನ್ನು 5 ರೂಪಾಯಿಗೆ ಇಳಿಸಿತ್ತು. 2025ರ ಮೇ ತಿಂಗಳಲ್ಲಿ ಅದು 10 ರೂಪಾಯಿ ಆಯಿತು. ಹೋಗಿ ಬರಲು ದಿನಕ್ಕೆ 10 ರೂಪಾಯಿ ಹೆಚ್ಚು. ತಿಂಗಳಿಗೆ 25 ದಿನ ಕೆಲಸವಿದ್ದರೆ 250 ರೂಪಾಯಿ. ಮನೆ ತೆರಿಗೆಯಲ್ಲಿ ಉಳಿದದ್ದಷ್ಟೂ ಒಬ್ಬರ ಟಿಕೆಟಿಗೆ ಹೋಯಿತು. ಇಬ್ಬರು ದುಡಿಯುವ ಮನೆಯಾದರೆ ಕೈಯಿಂದಲೇ ಹೋಯಿತು.

ತೆರಿಗೆ ಮನ್ನಾ ಮಾಡಿದ್ದರಿಂದಲೇ ಬಸ್ ದರ ಏರಿತು ಎಂದು ನಾನು ಹೇಳುತ್ತಿಲ್ಲ. ಬೆಸ್ಟ್‌ನ ನಷ್ಟಕ್ಕೆ ಬೇರೆ ಕಾರಣಗಳೂ ಇವೆ. ಆದರೆ ಬೊಕ್ಕಸ ಒಂದೇ. 2025-26ರ ಬಜೆಟ್ಟಿನಲ್ಲಿ ಪಾಲಿಕೆ ಬೆಸ್ಟ್‌ಗೆ ಎತ್ತಿಟ್ಟ ಅನುದಾನ 1,000 ಕೋಟಿ ರೂಪಾಯಿ. ಬಿಟ್ಟುಕೊಟ್ಟ ತೆರಿಗೆ ಅದರ ಅರ್ಧಕ್ಕೆ ಹತ್ತಿರ ಬರುತ್ತದೆ. ಬೆಸ್ಟ್‌ನ ಸ್ವಂತ ಬಸ್ಸುಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿ, ಗುತ್ತಿಗೆಯ ಬಸ್ಸುಗಳನ್ನೇ ನೆಚ್ಚಿಕೊಳ್ಳಬೇಕಾದ ಈ ಕಾಲದಲ್ಲಿ ಅದು ಸಣ್ಣ ಹಣವಲ್ಲ.

ಇನ್ನೊಂದು ತೊಡಕು ಅಳತೆಯದು. ವಿನಾಯಿತಿ ಚದರಡಿಯನ್ನು ನೋಡುತ್ತದೆ, ಮನೆಯ ಬೆಲೆಯನ್ನಾಗಲಿ ಮನೆಯವರ ಆದಾಯವನ್ನಾಗಲಿ ನೋಡುವುದಿಲ್ಲ. ದಾದರಿನಲ್ಲಿ ಕೋಟಿಗಟ್ಟಲೆ ಬೆಲೆಬಾಳುವ 480 ಚದರಡಿಯ ಫ್ಲ್ಯಾಟಿಗೆ ತೆರಿಗೆ ಇಲ್ಲ. ಭಾಂಡೂಪಿನಲ್ಲಿ ಸಾಲ ಮಾಡಿ ಕೊಂಡ 520 ಚದರಡಿಯ ಹಳೆಯ ಮನೆಗೆ ಪೂರ್ತಿ ತೆರಿಗೆ ಇದೆ. ಬಾಡಿಗೆದಾರರಿಗೆ, ಹೋಟೆಲಿನ ಕೋಣೆಗಳಲ್ಲಿ ಹಾಸಿಗೆ ಹಂಚಿಕೊಂಡು ಮಲಗುವ ನಮ್ಮ ಹುಡುಗರಿಗೆ ಇದರಿಂದ ಒಂದು ರೂಪಾಯಿಯೂ ಸಿಗುವುದಿಲ್ಲ. ಮನೆಯ ಒಡೆಯನಿಗೆ ತೆರಿಗೆ ಉಳಿಯಿತೆಂದು ಬಾಡಿಗೆ ಇಳಿಸಿದ್ದನ್ನು ನಾನಂತೂ ಕಂಡಿಲ್ಲ. ಆದರೆ ಬಸ್ಸು ಎಲ್ಲರಿಗೂ ಬೇಕು.

ಪಾಲಿಕೆ ಶ್ರೀಮಂತವಾಗಿದೆ, 2025-26ರ ಅದರ ಬಜೆಟ್ಟೇ 74,427 ಕೋಟಿ ರೂಪಾಯಿ, ಬ್ಯಾಂಕುಗಳಲ್ಲಿ ದೊಡ್ಡ ಠೇವಣಿಯಿದೆ, ಮತ್ತೇಕೆ ಚಿಂತೆ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ಉತ್ತರ ಕೊಡಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಹೋಟೆಲ್, ಸಾರಿಗೆ ವ್ಯವಹಾರದಲ್ಲಿದ್ದ ಹಿರಿಯರಿಗೆ ದಹಿಸರ್, ಮುಲುಂಡ್ ನಾಕಾಗಳಲ್ಲಿ ಲಾರಿ ನಿಲ್ಲಿಸಿ ಜಕಾತಿ, ಅಂದರೆ ನಗರದೊಳಗೆ ಬರುವ ಸರಕಿನ ಮೇಲಿನ ತೆರಿಗೆ, ಕಟ್ಟುತ್ತಿದ್ದ ದಿನಗಳು ನೆನಪಿರಬಹುದು. ಆ ಜಕಾತಿಯೇ ಪಾಲಿಕೆಯ ಅತಿ ದೊಡ್ಡ ವರಮಾನವಾಗಿತ್ತು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಅದು ನಿಂತಿತು. ಅದರ ಬದಲಿಗೆ ರಾಜ್ಯ ಸರಕಾರ ಪ್ರತಿವರ್ಷ ಶೇಕಡಾ 8ರಷ್ಟು ಹೆಚ್ಚಿಸಿ ಪರಿಹಾರ ಕೊಡಬೇಕೆಂದು ಕಾನೂನಾಯಿತು. ಪರಿಹಾರ ಬರುತ್ತಿದೆ, ನಿಜ. ಆದರೆ ಅದು ಇನ್ನೊಬ್ಬರ ಕೈಯಿಂದ ಬರುವ ಹಣ. ಪಾಲಿಕೆ ತಾನೇ ವಿಧಿಸಿ ತಾನೇ ವಸೂಲು ಮಾಡುವ ದೊಡ್ಡ ತೆರಿಗೆಯೆಂದರೆ ಈಗ ಆಸ್ತಿ ತೆರಿಗೆ. 2025-26ರಲ್ಲಿ ಅದರಿಂದ ನಿರೀಕ್ಷಿಸಿದ್ದು ಸುಮಾರು 5,200 ಕೋಟಿ ರೂಪಾಯಿ. ಇನ್ನು ಠೇವಣಿಯ ಒಂದು ಭಾಗ ನೌಕರರ ಭವಿಷ್ಯ ನಿಧಿ, ಗುತ್ತಿಗೆದಾರರ ಭದ್ರತಾ ಹಣ. ಉಳಿದದ್ದರಲ್ಲಿ ಬಹಳಷ್ಟು ದೊಡ್ಡ ಕಾಮಗಾರಿಗಳಿಗೆ ಮೀಸಲು. ಸೇತುವೆಗೆಂದು ಇಟ್ಟ ಹಣದಿಂದ ದಾದಿಯರಿಗೆ ಪ್ರತಿ ತಿಂಗಳೂ ಸಂಬಳ ಕೊಡಲಾಗುವುದಿಲ್ಲ. ನಿತ್ಯದ ಖರ್ಚಿಗೆ ನಿತ್ಯದ ಆದಾಯವೇ ಬೇಕು.

ನಿತ್ಯದ ಖರ್ಚು ಎಂದರೇನು ಎಂಬುದನ್ನು ನೋಡಬೇಕಾದರೆ ಬೆಳಿಗ್ಗೆ ಎಂಟು ಗಂಟೆಗೆ ಪರೇಲಿನ ಕೆಇಎಂ ಅಥವಾ ಸಾಯನ್ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಹೋಗಬೇಕು. ಹತ್ತು ರೂಪಾಯಿಯ ಕೇಸ್ ಪೇಪರ್ ಮಾಡಿಸಲು ಸಾಲು ನಿಂತವರ ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಹಳೆಯ ಎಕ್ಸ್‌ರೇ, ಒಂದು ನೀರಿನ ಬಾಟಲಿ. ಆ ಸಾಲಿನಲ್ಲಿ ಕಲಬುರಗಿಯ ಕನ್ನಡವೂ ಕೇಳುತ್ತದೆ, ಕುಂದಾಪುರದ ಕನ್ನಡವೂ ಕೇಳುತ್ತದೆ. ನಗರದ ಹೊರಗಿನಿಂದ, ನಮ್ಮ ಗಡಿ ಜಿಲ್ಲೆಗಳಿಂದಲೂ ಬಂದವರಿಗೆ ಚಿಕಿತ್ಸೆ ಕೊಡುವ ಈ ಆಸ್ಪತ್ರೆಗಳನ್ನು ಪಾಲಿಕೆಯೇ ನಡೆಸುತ್ತದೆ. ಶಾಲೆಗಳೂ ಹಾಗೆಯೇ. ಮರಾಠಿ, ಹಿಂದಿ, ಉರ್ದು, ಗುಜರಾತಿ, ತಮಿಳು, ತೆಲುಗು, ಇಂಗ್ಲಿಷ್ ಮಾಧ್ಯಮಗಳ ಜೊತೆಗೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ಈ ಪಾಲಿಕೆ ತನ್ನ ಖರ್ಚಿನಲ್ಲಿ ನಡೆಸಿಕೊಂಡು ಬಂದಿದೆ. ಬೇರೆ ರಾಜ್ಯದ ನಗರವೊಂದು ನಮ್ಮ ಮಕ್ಕಳಿಗೆ ನಮ್ಮ ಭಾಷೆಯಲ್ಲಿ ಅಕ್ಷರ ಕಲಿಸಲು ತೆರಿಗೆಯ ಹಣ ಎತ್ತಿಡುವುದು ನನಗೆ ಬಹಳ ದೊಡ್ಡ ವಿಷಯವೆಂದು ತೋರುತ್ತದೆ. ತಿಂಗಳಿಗೆ 240 ರೂಪಾಯಿ ಕೊಟ್ಟು ಇದನ್ನು ಉಳಿಸಿಕೊಳ್ಳುವುದಾದರೆ ನಾನು ಸಂತೋಷದಿಂದ ಕೊಡುತ್ತೇನೆ.

2024ರ ಅಕ್ಟೋಬರಿನಲ್ಲಿ ನಗರದ ಐದು ಪ್ರವೇಶದ್ವಾರಗಳಲ್ಲಿ ಕಾರುಗಳಿಗೆ 45 ರೂಪಾಯಿಯ ಟೋಲ್ ಮನ್ನಾ ಮಾಡಿದ್ದನ್ನೂ ಇದೇ ಕಣ್ಣಿನಿಂದ ನೋಡಬೇಕು. ಕಾರಿನವರಿಗೆ ಟೋಲ್ ತಪ್ಪಿ ಒಂದು ವರ್ಷವಾಗುವುದರೊಳಗೆ ಬಸ್ಸಿನವರಿಗೆ ದರ ಏರಿತು.

ಪುಣೆಯಲ್ಲಿರುವವರಿಗೆ ನಿಯಮ ಬೇರೆ. ಅಲ್ಲಿ ವಾರ್ಷಿಕ ಬಾಡಿಗೆ ಮೌಲ್ಯದ ಮೇಲೆ, ಅಂದರೆ ಮನೆಗೆ ವರ್ಷಕ್ಕೆ ಬರಬಹುದಾದ ಬಾಡಿಗೆಯ ಮೇಲೆ, ತೆರಿಗೆ. ಒಡೆಯರೇ ವಾಸಿಸುವ ಮನೆಗೆ ಶೇಕಡಾ 40ರ ರಿಯಾಯಿತಿಯಿದೆ. ನಡುವೆ ನಿಂತುಹೋಗಿದ್ದ ಈ ರಿಯಾಯಿತಿ 2023ರಲ್ಲಿ ಮರಳಿ ಬಂತು. ಅದಕ್ಕೆ ಪಿಟಿ-3 ಎಂಬ ಅರ್ಜಿ ತುಂಬಿ, ತಾವೇ ವಾಸವಿರುವುದಕ್ಕೆ ದಾಖಲೆ ಕೊಡಬೇಕು. ಮನೆಯನ್ನು ಬಾಡಿಗೆಗೆ ಕೊಟ್ಟವರು ಇದನ್ನು ಕೇಳಬಾರದು.

ಇಷ್ಟು ಹೇಳಿದ ಮಾತ್ರಕ್ಕೆ ಎಲ್ಲ ರಿಯಾಯಿತಿಗಳೂ ವ್ಯರ್ಥವೆಂದು ನಾನು ಭಾವಿಸಿಲ್ಲ. ನಿಜಕ್ಕೂ ಕಡಿಮೆಯಾಗಬೇಕಾದ ತೆರಿಗೆಯೊಂದು ಇದೇ ರಾಜ್ಯದಲ್ಲಿದೆ. ಅದು ವೃತ್ತಿ ತೆರಿಗೆ. ಮಹಾರಾಷ್ಟ್ರದ ಉದ್ಯೋಗ ಖಾತರಿ ಯೋಜನೆಗೆ ಹಣ ಒದಗಿಸಲು 1975ರಲ್ಲಿ ಇದನ್ನು ತಂದರು. ಸಂವಿಧಾನದ 276ನೆಯ ವಿಧಿಯ ಪ್ರಕಾರ ಇದು ವರ್ಷಕ್ಕೆ 2,500 ರೂಪಾಯಿ ಮೀರುವಂತಿಲ್ಲ. ಇಲ್ಲಿ ತಿಂಗಳಿಗೆ 10,000 ರೂಪಾಯಿಗಿಂತ ಹೆಚ್ಚು ಸಂಬಳ ಪಡೆಯುವ ಗಂಡಸರ ಸಂಬಳದಿಂದ ಪ್ರತಿ ತಿಂಗಳು 200 ರೂಪಾಯಿ, ಫೆಬ್ರವರಿಯಲ್ಲಿ 300 ರೂಪಾಯಿ ಕಡಿತವಾಗುತ್ತದೆ. ಮಹಿಳೆಯರಿಗೆ 2023ರ ಏಪ್ರಿಲ್‌ನಿಂದ 25,000 ರೂಪಾಯಿಯವರೆಗೆ ವಿನಾಯಿತಿಯಿದೆ. ಕರ್ನಾಟಕದಲ್ಲಾದರೋ ಅದೇ ವರ್ಷದಿಂದ 25,000ದೊಳಗಿನ ಸಂಬಳಕ್ಕೆ ಗಂಡಸು ಹೆಂಗಸೆನ್ನದೆ ಈ ತೆರಿಗೆಯೇ ಇಲ್ಲ.

ಅಂದರೆ 12,000 ರೂಪಾಯಿ ಸಂಬಳಕ್ಕೆ ಬೆಂಗಳೂರಿನಲ್ಲಿ ದುಡಿಯುವ ಹುಡುಗ ಏನೂ ಕೊಡಬೇಕಿಲ್ಲ. ಅವನ ಅಣ್ಣ ಅಷ್ಟೇ ಸಂಬಳಕ್ಕೆ ಚೆಂಬೂರಿನಲ್ಲಿ ದುಡಿದರೆ ವರ್ಷಕ್ಕೆ 2,500 ಕೊಡಬೇಕು. ವರ್ಷಕ್ಕೆ 24 ಲಕ್ಷ ಗಳಿಸುವ ಅಧಿಕಾರಿ ಕೊಡುವುದೂ ಅದೇ 2,500. ಹುಡುಗನಿಗೆ ಅದು ಆದಾಯದ ಶೇಕಡಾ 1.7ರಷ್ಟು, ಅಧಿಕಾರಿಗೆ ಶೇಕಡಾ 0.1ರಷ್ಟು. ಗಂಡಸರಿಗೂ ಮಿತಿಯನ್ನು 25,000ಕ್ಕೆ ಏರಿಸಿದರೆ ಆ ರಿಯಾಯಿತಿ ಬೇಕಾದವರ ಕೈಗೇ ನೇರವಾಗಿ ಸೇರುತ್ತದೆ. ನಮ್ಮ ಸಂಘಗಳು ಜನಪ್ರತಿನಿಧಿಗಳಿಗೆ ಮನವಿ ಕೊಡುವಾಗ ಮನೆ ತೆರಿಗೆಯ ಮಿತಿಯನ್ನು 700 ಚದರಡಿಗೆ ಏರಿಸಿ ಎನ್ನುವ ಬದಲು ಇದನ್ನು ಬರೆಯಬೇಕು. ಅಲ್ಲಿಯವರೆಗೆ ಹೋಟೆಲ್, ಅಂಗಡಿ ನಡೆಸುವ ಮಾಲೀಕರು ತಮ್ಮ ಪಾಲಿನ 2,500 ರೂಪಾಯಿಯನ್ನು ಜೂನ್ 30ರೊಳಗೆ ಕಟ್ಟಬೇಕು. ಕೆಲಸಗಾರರ ಸಂಬಳದಿಂದ ಹಿಡಿದುಕೊಂಡ 200 ರೂಪಾಯಿ ಸರಕಾರಕ್ಕೆ ಸಂದಾಯವಾದದ್ದರ ಚಲನ್ ಅನ್ನು ಕೇಳಿದವರಿಗೆ ತೋರಿಸಬೇಕು.